ಕಿವಿ ಹೊಲಿದ ಪ್ರಬಂಧಗಳು

ಇಂಗ್ಲಿಷ್ ಪ್ರಬಂಧಕ್ಕೆ ಅಂಕ ಹಾಕುವವರು ಯಾರು ಎಂಬುದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಮ್ಮ ಕೆಳಮನೆಯ ಬೈಂಡರ್. ಹಾಗೆಂದು ಔಷಧಿ ಅಂಗಡಿಯವರು ಹೇಳಿದ್ದರು, ಟೈಲರಮ್ಮ ಹೌದೆಂದಿದ್ದರು, ಆಮೇಲೆ ಬೇರೆ ಸಾಕ್ಷಿ ಯಾರಿಗೂ ಬೇಕಾಗಲಿಲ್ಲ. ನಂಬದೆ ಉಳಿದವರು ಇಬ್ಬರೇ. ಒಬ್ಬ ಆ ಬೈಂಡರ್, ಇನ್ನೊಬ್ಬಳು ನಾನು. ನಾನು ನಂಬದಿರುವುದಕ್ಕೆ ಕಾರಣವಿತ್ತು. ಅಂಕ ಹಾಕುತ್ತಿದ್ದವಳು ನಾನು.

ಈಗ ಹೇಳಬಹುದು. ಸಣ್ಣ ಅಕ್ಷರ ಓದಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿದ ಮೇಲೆ ಆ ಕೆಲಸ ಬಿಟ್ಟಿದ್ದೇನೆ. ಇನ್ನು ಬಾಯಿ ಬಿಡಬಹುದು ಎಂದು ಶಾಲೆಯ ದೊಡ್ಡ ಟೀಚರೇ ಅಪ್ಪಣೆ ಕೊಟ್ಟಿದ್ದಾರೆ.

ನಮ್ಮ ಬೀದಿಯ ಕೊನೆಯ ಶಾಲೆಗೆ ಆರನೇ ತರಗತಿಗೆ ಸೇರಬೇಕಾದರೆ ಪ್ರವೇಶ ಪರೀಕ್ಷೆ ಬರೆಯಬೇಕು. ಗಣಿತದ ಹೊಳೆಯನ್ನು ಮಕ್ಕಳು ಹೇಗೋ ಈಜಿ ದಾಟುತ್ತಿದ್ದರು. ಮುಳುಗುತ್ತಿದ್ದದ್ದು ಇಂಗ್ಲಿಷ್ ಪ್ರಬಂಧದಲ್ಲಿ. ಒಟ್ಟು ಇಪ್ಪತ್ತು ಅಂಕ, ಹನ್ನೆರಡು ಬಂದರೆ ಪಾಸು. ಹಾಳೆಯ ಬಲಮೂಲೆಯಲ್ಲಿ ಹೆಸರು ಬರೆದು, ಆ ಮೂಲೆಯನ್ನು ಮೂರು ಮಡಿಕೆ ಮಡಚಬೇಕು. ಅದಕ್ಕೆ ಶಾಲೆಯಲ್ಲಿ ಕಿವಿ ಎನ್ನುತ್ತಾರೆ. ಮಡಚಿದ ಕಿವಿಯನ್ನು ಕಪ್ಪು ದಾರದಿಂದ ಹೊಲಿದುಬಿಟ್ಟರೆ ಅದು ಯಾರ ಮಗುವಿನ ಪ್ರಬಂಧ ಎಂದು ದೇವರಿಗೆ ಮಾತ್ರ ಗೊತ್ತು. ಆಮೇಲೆ ಅದನ್ನು ಒಂದು ಕೋಣೆಯಲ್ಲಿ ಒಬ್ಬರು ಓದಿ ಕೆಂಪು ಶಾಯಿಯಲ್ಲಿ ಅಂಕದ ಚೀಟಿ ಬರೆಯುತ್ತಾರೆ. ಇನ್ನೊಂದು ಕೋಣೆಯಲ್ಲಿ ಇನ್ನೊಬ್ಬರು ಓದಿ ಹಸಿರು ಶಾಯಿಯಲ್ಲಿ ಬರೆಯುತ್ತಾರೆ. ಇಬ್ಬರ ನಡುವೆ ನಾಲ್ಕು ಅಂಕಕ್ಕಿಂತ ಹೆಚ್ಚು ಜಗಳ ಬಂದರೆ ಆ ಪ್ರಬಂಧ ಮೂರನೆಯವರಿಗೆ ಹೋಗುತ್ತದೆ. ಮೂರನೆಯವರು ಹಾಕಿದ್ದೇ ಕೊನೆ. ಆ ಮೂರನೆಯವಳು ನಾನು. ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾಗಿ, ಬೈಂಡರ್ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಮುದುಕಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ ಎಂಬುದು ದೊಡ್ಡ ಟೀಚರ ಲೆಕ್ಕಾಚಾರವಾಗಿತ್ತು.

ಇನ್ನು ನಮ್ಮ ಬೈಂಡರ್. ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವನಾದ್ದರಿಂದ ಏಕವಚನದಲ್ಲೇ ಕರೆಯುತ್ತೇನೆ, ಅವನೇ ಹಟ ಹಿಡಿದು ರೂಢಿ ಮಾಡಿಸಿದ್ದು. ವರ್ಷವೆಲ್ಲ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಾನೆ. ಪರೀಕ್ಷೆಯ ಸಮಯದಲ್ಲಿ ಶಾಲೆಯ ಮೊಗಸಾಲೆಯಲ್ಲಿ ಚಾಪೆ ಹಾಸಿಕೊಂಡು ಕಿವಿ ಹೊಲಿಯುತ್ತಾನೆ. ಅಷ್ಟೇ ಅವನಿಗೂ ಪ್ರಬಂಧಕ್ಕೂ ಇದ್ದ ಸಂಬಂಧ. ಅದಾದ ನಾಲ್ಕನೆಯ ದಿನ ದೊಡ್ಡ ಟೀಚರು ಕೊಟ್ಟ ಒಂದು ಪೊಟ್ಟಣವನ್ನು ಅವನೇ ದಾರ ಸುತ್ತಿ, ಗಂಟು ಬಿಗಿದು, ಮಹಡಿ ಹತ್ತಿಸಿ ತಂದು, "ಟೀಚರಮ್ಮಾ, ನಿಮ್ಮ ಮ್ಯಾಗಜಿನ್ ಬಂತು" ಎಂದು ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದ. ಆ ಗಂಟು ಬಿಚ್ಚುವಷ್ಟರಲ್ಲಿ ನನ್ನ ಬೆರಳುಗಳು ಸೋಲುತ್ತಿದ್ದವು. ಪುಸ್ತಕಕ್ಕೇ ಆಗಲಿ ಪೊಟ್ಟಣಕ್ಕೇ ಆಗಲಿ, ಅವನು ಹಾಕಿದ ಗಂಟು ಎರಡು ತಲೆಮಾರು ಬಾಳುವಂಥದ್ದು.

ಅವನಿಗೊಬ್ಬಳು ಮಗಳು. ರಿಪೇರಿಗೆ ಬಂದ ಪುಸ್ತಕಗಳನ್ನೆಲ್ಲ ರಟ್ಟು ಬೀಳುವ ಮೊದಲೇ ಓದಿ ಮುಗಿಸುತ್ತಾಳೆಂದು ಅವಳಮ್ಮ ಇಟ್ಟ ಹೆಸರು ಇಲಿಮರಿ. ಹರಿದ ಪುಸ್ತಕಗಳಲ್ಲಿ ಕೊನೆಯ ಪುಟಗಳೇ ಇರುತ್ತಿರಲಿಲ್ಲ. ಮೆಟ್ಟಿಲಲ್ಲಿ ನನ್ನನ್ನು ತಡೆದು ನಿಲ್ಲಿಸಿ, "ಅಜ್ಜೀ, ಆ ಹಡಗಿನವನು ಮನೆಗೆ ಬಂದನಾ?" ಎಂದು ಕೇಳುತ್ತಿದ್ದಳು. ನನಗೆ ಗೊತ್ತಿದ್ದರೆ ಹೇಳುತ್ತಿದ್ದೆ. ಗೊತ್ತಿಲ್ಲದಿದ್ದರೆ ಅವಳೇ ನನಗೆ ಹೇಳುತ್ತಿದ್ದಳು. ಶಾಲೆಯಲ್ಲಿ ಒಂದು ಕೋಣೆ ತುಂಬ ಪುಸ್ತಕಗಳಿವೆ, ಎಲ್ಲಕ್ಕೂ ಕೊನೆಯ ಪುಟ ಇದೆ ಎಂದು ಯಾರೋ ಹೇಳಿದಂದಿನಿಂದ ಅವಳಿಗೆ ಆ ಶಾಲೆ ಬಿಟ್ಟು ಬೇರೆ ಧ್ಯಾನವಿಲ್ಲ. ಆ ವರ್ಷ ಅವಳು ಪರೀಕ್ಷೆಗೆ ಕೂರಬೇಕಾಗಿತ್ತು.

ಪರೀಕ್ಷೆಗೆ ಒಂದು ತಿಂಗಳಿರುವಾಗ, ಒಂದು ಸಂಜೆ ನಾನು ಕಣ್ಣಿನ ಹನಿ ಕೊಳ್ಳಲು ಔಷಧಿ ಅಂಗಡಿಗೆ ಹೋಗಿದ್ದೆ. ಕೆಮ್ಮಿನ ಮಾತ್ರೆಗಾಗಿ ಬೈಂಡರ್ ನನ್ನ ಹಿಂದೆ ನಿಂತಿದ್ದ. ಔಷಧಿ ಅಂಗಡಿಯವರು ಟೈಲರಮ್ಮನಿಗೆ ತಮ್ಮ ಮಗನ ಪ್ರತಾಪ ಹೇಳುತ್ತಿದ್ದರು.

"ನಮ್ಮವನು ಪ್ರಬಂಧಕ್ಕೆ ಕೂತ ಅಂದ್ರೆ ಎಂಟು ಪುಟ! ಓದೋರಿಗೆ ಸುಸ್ತಾಗಿ, ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟು ಕೈ ಮುಗಿದುಬಿಡಬೇಕು."

"ಪುಟ ಎಣಿಸಿ ಅಂಕ ಹಾಕ್ತಾರಾ?" ಟೈಲರಮ್ಮ ಬಾಯಿ ಬಿಟ್ಟುಕೊಂಡು ಕೇಳಿದರು. ಅವರ ಮಗಳ ಪೆನ್ನು ಎರಡು ಪುಟದ ಮೇಲೆ ಓಡುತ್ತಿರಲಿಲ್ಲ.

"ಮತ್ತೆ? ಅಷ್ಟೂ ಮಕ್ಕಳದು ಯಾರಮ್ಮಾ ಓದ್ತಾರೆ? ತೂಕ ನೋಡಿ ಹಾಕ್ತಾರೆ."

ತನ್ನ ಕಸುಬಿನ ಜಾಗದ ಬಗ್ಗೆ ಯಾರಾದರೂ ತಪ್ಪು ಹೇಳಿದರೆ ಬೈಂಡರ್‌ಗೆ ಮೈಯೆಲ್ಲ ತುರಿಕೆ.

"ಹಾಗಲ್ಲ ಸಾರ್ ಅದು," ಎಂದ. "ಎರಡು ಕೋಣೆ ಇರುತ್ತೆ. ಒಂದು ಕೆಂಪು, ಒಂದು ಹಸಿರು. ಅವರದು ಇವರಿಗೆ ಗೊತ್ತಾಗಬಾರದು. ಹಸಿರು ಕೋಣೆ ಫ್ಯಾನು ಕಿರ್ ಅಂತ ಕೂಗುತ್ತೆ, ಅದಕ್ಕೆ ಮಧ್ಯಾಹ್ನದ ಮೇಲೆ ಅವರಿಗೆ ಸಿಟ್ಟು. ಟೀ ಬಂದ ಮೇಲೆ ಸರಿಹೋಗ್ತಾರೆ. ಕೆಂಪಿನವರು ಹಾಗಲ್ಲ, ಬೆಳಗ್ಗೆಯಿಂದ ಸಂಜೆವರೆಗೂ ಒಂದೇ ಮುಖ. ಪ್ರತಿ ಸಾಲೂ ಓದ್ತಾರೆ ಸಾರ್. ನಾನು ಕಣ್ಣಾರೆ ನೋಡಿದೀನಿ."



"ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು?" ಎಂದರು ಔಷಧಿ ಅಂಗಡಿಯವರು, ಮಾತ್ರೆ ಎಣಿಸುವುದನ್ನು ಬಿಟ್ಟು.

"ನಾನು ಮೊಗಸಾಲೆಯಲ್ಲಿ ಕೂತು ಕಿವಿ ಹೊಲಿಯುತ್ತೇನೆ" ಎಂದಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಬೈಂಡರ್ ಬಾಯಿ ತೆರೆದ. ಜೀವಮಾನದಲ್ಲಿ ಮೊದಲ ಸಲ ಮೂರು ಜನ ತನ್ನ ಬಾಯನ್ನೇ ನೋಡುತ್ತಿರುವುದನ್ನು ಕಂಡ. ಬಾಯಿ ಮುಚ್ಚಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಒಂದೇ ಪದ ಹೇಳಿದ:

"ಹೇಳಬಾರದು."

ಔಷಧಿ ಅಂಗಡಿಯವರು ಕೆಮ್ಮಿನ ಮಾತ್ರೆಯ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಹದಿನೈದು ವರ್ಷದಿಂದ ಒಂದೇ ಕೈಯಲ್ಲಿ ಕೊಡುತ್ತಿದ್ದವರು.

ಮರುದಿನ ಬೆಳಗ್ಗೆ ನಾನು ಹಾಲು ತರಲು ಇಳಿದಾಗ ಬೈಂಡರ್ ಮನೆಯ ಮುಂದಿನ ಕೋಣೆಯಲ್ಲಿ, ಅಂಟಿನ ಡಬ್ಬಿ, ಒತ್ತುಯಂತ್ರ, ರಟ್ಟಿನ ರಾಶಿಯ ನಡುವೆ ಟೈಲರಮ್ಮ ಕೂತಿದ್ದರು. ಕೈಯಲ್ಲಿ ಮಗಳ ಪ್ರಬಂಧ.

"ಸುಮ್ನೆ ಒಂದು ಸಲ ನೋಡಿ ಅಣ್ಣಾ."

"ಅಯ್ಯೋ ಟೈಲರಮ್ಮಾ, ನಾನು ಪರೀಕ್ಷಕ ಅಲ್ಲ."

ಟೈಲರಮ್ಮ ಕಣ್ಣು ಸಣ್ಣ ಮಾಡಿ ನಕ್ಕರು. "ಗೊತ್ತು ಅಣ್ಣಾ. ಪರೀಕ್ಷಕರು ಹಾಗೇ ಹೇಳಬೇಕು."

"ನಿಜವಾಗ್ಲೂ ಅಲ್ಲ!"

"ಎಷ್ಟು ಚೆನ್ನಾಗಿ ಹೇಳ್ತೀರಿ."

ಅಲ್ಲಿಂದ ಮುಂದೆ ಅವನ ಪ್ರತಿಯೊಂದು 'ಅಲ್ಲ'ವೂ ಬೀದಿಯ ಇನ್ನೊಂದು ಮನೆಯಲ್ಲಿ 'ಹೌದು' ಆಗುತ್ತಿತ್ತು. ಜೋರಾಗಿ ಅಲ್ಲ ಎಂದರೆ, ಬಹಳ ದೊಡ್ಡ ಪರೀಕ್ಷಕನಿರಬೇಕು. ಮೆತ್ತಗೆ ಅಲ್ಲ ಎಂದರೆ, ನಮ್ಮ ಮೇಲೆ ವಿಶ್ವಾಸವಿದೆ, ಸೂಚನೆ ಕೊಡುತ್ತಿದ್ದಾನೆ.

ಪ್ರಬಂಧ ನೋಡದೆ ವಾಪಸ್ ಕೊಟ್ಟರೆ ಮಗುವಿನ ಮುಖ ಬಾಡುತ್ತದೆ. ಅದು ಅವನಿಂದ ಆಗದು. ಹಾಗಾಗಿ ನೋಡಿದ. ಇಂಗ್ಲಿಷನ್ನು ಅವನು ನಿಧಾನವಾಗಿ, ತುಟಿ ಆಡಿಸಿಕೊಂಡು ಓದಬಲ್ಲ, ಅರ್ಥ ಅರ್ಧಕ್ಕರ್ಧ. ಆದರೆ ಕಾಗದವನ್ನು ಅವನಷ್ಟು ಬಲ್ಲವರು ಯಾರೂ ಇರಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದ. ತಿರುಗಿಸಿ, ಕಣ್ಣು ಮುಚ್ಚಿ, ಹಿಂಬದಿಯ ಮೇಲೆ ಬೆರಳಾಡಿಸಿದ.

"ಮಗಳು ಒತ್ತಿ ಬರೆದಿದಾಳೆ ಟೈಲರಮ್ಮಾ. ಹಿಂದುಗಡೆ ಅಕ್ಷರ ಕೈಗೆ ಸಿಗ್ತಾ ಇದೆ. ಹೆದರಿಕೆ ಇದ್ದರೆ ಹೀಗೇ ಒತ್ತೋದು. ಬಯ್ಯಬೇಡಿ ಅವಳನ್ನ."

ಟೈಲರಮ್ಮನ ಕಣ್ಣಲ್ಲಿ ನೀರು ಬಂತು. ಹಿಂದಿನ ರಾತ್ರಿ ಬೈದಿದ್ದರಂತೆ. ಆ ಮಗುವಿನ ಮೇಲೆ ಆಮೇಲೆ ಒಂದು ತಿಂಗಳು ಯಾರೂ ದನಿ ಏರಿಸಲಿಲ್ಲ. ಮೂವತ್ತು ವರ್ಷ ಪ್ರಬಂಧ ತಿದ್ದಿದ ನಾನು ಒಂದು ದಿನವೂ ಹಾಳೆಯ ಹಿಂಬದಿ ಮುಟ್ಟಿ ನೋಡಿರಲಿಲ್ಲ.

ಆದರೆ ಸುದ್ದಿ ಬೀದಿಯ ಆ ತುದಿ ಮುಟ್ಟುವಷ್ಟರಲ್ಲಿ ಅಲ್ಪಸ್ವಲ್ಪ ಬೆಳೆದಿತ್ತು. ಒತ್ತಿ ಬರೆದರೆ ಅಂಕ ಹೋಗುತ್ತದಂತೆ! ಒಂದು ವಾರದಲ್ಲಿ ಬೀದಿಯ ಮಕ್ಕಳೆಲ್ಲ ಎಷ್ಟು ಹಗುರವಾಗಿ ಬರೆಯತೊಡಗಿದರೆಂದರೆ, ಹಾಳೆಯಲ್ಲಿ ಏನಾದರೂ ಬರೆದಿದೆಯೋ ಇಲ್ಲವೋ ಎಂದು ತಂದೆತಾಯಂದಿರು ಕಿಟಕಿಗೆ ಹಿಡಿದು ನೋಡಬೇಕಾಯಿತು. "ಅಂಚು ಸಮ ಬಿಡಬೇಕು" ಎಂದು ಅವನು ಯಾರಿಗೋ ಹೇಳಿದ್ದೇ ತಡ, ಎರಡೂ ಕಡೆ ನಾಲ್ಕು ನಾಲ್ಕು ಬೆರಳು ಅಂಚು ಬಿಟ್ಟು, ನಡುವೆ ಸಾಲಿಗೆ ಮೂರೇ ಪದದ ಪ್ರಬಂಧಗಳು ಹುಟ್ಟಿದವು. ಅತ್ತ ಬೈಂಡರ್ ಮನೆಗೆ ಕೆಮ್ಮಿನ ಔಷಧಿ ಬಾಟಲಿಗಟ್ಟಲೆ ಬರತೊಡಗಿತು. ಕೆಮ್ಮು ಹೋಗಿ ಎಷ್ಟೋ ದಿನವಾಗಿದ್ದರೂ, ಕೊಟ್ಟವರಿಗೆ ಬೇಸರವಾಗದಿರಲೆಂದು ಬೀದಿಯಲ್ಲಿ ನಡೆಯುವಾಗ ಸುಮ್ಮನೆ ಕೆಮ್ಮುತ್ತಿದ್ದ.

ಒಂದು ಭಾನುವಾರ ಔಷಧಿ ಅಂಗಡಿಯವರೇ ಮಗನ ಎಂಟು ಪುಟಗಳನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ತಂದರು. ನಾನು ಮೆಟ್ಟಿಲ ಮೇಲೆ ಕೂತು ಇಲಿಮರಿಯ ಜಡೆ ಹಾಕುತ್ತಿದ್ದೆ, ಎಲ್ಲ ಕೇಳಿಸುತ್ತಿತ್ತು.

"ಅಭಿಪ್ರಾಯ ಬೇಡ ಬೈಂಡರ್ ಸಾಹೇಬರೇ. ಅಂಕ ಹೇಳಿ."

"ಸಾರ್, ನಾನು ಅಂಕ ಹಾಕೋನಲ್ಲ..."

"ಗೊತ್ತು, ಗೊತ್ತು. ಹಾಕೋನಾಗಿದ್ದರೆ ಎಷ್ಟು ಹಾಕ್ತಿದ್ರಿ, ಅದು ಹೇಳಿ."

ಬೈಂಡರ್ ಎಂಟು ಪುಟಗಳನ್ನು ಅಂಗೈ ಮೇಲಿಟ್ಟು ತೂಗಿದ. ಬೆರಳಾಡಿಸಿದ. ಮೂರನೇ ಪುಟದಿಂದ ಆರನೇ ಪುಟದವರೆಗೆ ಅಕ್ಷರ ದೊಡ್ಡದಾಗುತ್ತಾ ಹೋಗಿತ್ತು, ಪುಟ ತುಂಬಿಸಲು.

"ಮಧ್ಯದಲ್ಲಿ ಸಡಿಲ ಇದೆ ಸಾರ್. ನಾಲ್ಕು ಪುಟ ತೆಗೆದರೂ ಗೊತ್ತಾಗಲ್ಲ."

"ಅಂಕ!"

"ಒಂಬತ್ತು," ಎಂದುಬಿಟ್ಟ. ಸುಳ್ಳು ಹೇಳಲು ಬಾರದವನ ಕಷ್ಟ ಅದು.

ಔಷಧಿ ಅಂಗಡಿಯವರು ಕೆಂಪಾದರು, ಹಸಿರಾದರು. ಎಂಟು ಪುಟಕ್ಕೆ ಒಂಬತ್ತು! ಮೇಜಿನ ಮೇಲಿದ್ದ ಕೊನೆಯ ಕೆಮ್ಮಿನ ಬಾಟಲಿಯನ್ನು ವಾಪಸ್ ಎತ್ತಿಕೊಂಡು ಹೊರಟರು. ಮನೆಗೆ ಹೋದವರೇ ಶಾಲೆಯ ಅರ್ಜಿ ನಮೂನೆಯನ್ನು ಮೊದಲ ಸಲ ಪೂರ್ತಿ ಓದಿದರು. ಏಳನೇ ನಿಯಮ: ಪರೀಕ್ಷಕರ ಮಕ್ಕಳು ಆ ವರ್ಷ ಪರೀಕ್ಷೆಗೆ ಕೂರುವಂತಿಲ್ಲ.

ಮಾರನೆಯ ದಿನ ಬೈಂಡರ್‌ಗೆ ಶಾಲೆಯಿಂದ ಕರೆ ಬಂತು. ಅವನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಮಹಡಿಗೆ ಓಡಿ ಬಂದಳು.

"ಟೀಚರಮ್ಮಾ, ನೀವೂ ಬನ್ನಿ. ಇವರೊಬ್ಬರೇ ಹೋದರೆ ಇನ್ನೇನಾದರೂ ಆಗಿ ಬರ್ತಾರೆ. ನನ್ನ ಮಗಳನ್ನ ಕೂರಿಸಲ್ವಂತೆ. ಅವಳು ಬೆಳಗ್ಗೆಯಿಂದ ಒಂದು ಪುಸ್ತಕಾನೂ ಮುಟ್ಟಿಲ್ಲ!"

ದೊಡ್ಡ ಟೀಚರ ಕೋಣೆಯಲ್ಲಿ ಔಷಧಿ ಅಂಗಡಿಯವರು ಆಗಲೇ ಕೂತಿದ್ದರು, ಪಕ್ಕದಲ್ಲಿ ತಲೆ ತಗ್ಗಿಸಿದ ಟೈಲರಮ್ಮ. ನನ್ನನ್ನು ಕಂಡು ದೊಡ್ಡ ಟೀಚರು, "ಓ, ನೀವೂ ಬಂದ್ರಾ, ಆರೋಗ್ಯನಾ?" ಎಂದರು, ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಸಿಗುವವರ ಹಾಗೆ. ನಾನೂ ಹಾಗೇ ಮಂಡಿ ನೋವಿನ ವರದಿ ಕೊಟ್ಟೆ.

"ಮೇಡಂ, ನಾನು ಕಿವಿ ಹೊಲಿಯೋನು. ನಿಮಗೇ ಗೊತ್ತು," ಎಂದ ಬೈಂಡರ್.

"ನನಗೆ ಗೊತ್ತಪ್ಪ. ಇವರು ಪರೀಕ್ಷಕರಲ್ಲ."

ಔಷಧಿ ಅಂಗಡಿಯವರು ಮುಂದಕ್ಕೆ ಬಾಗಿದರು. "ಮೇಡಂ, ಪರೀಕ್ಷಕರು ಯಾರು ಅಂತ ನೀವು ಹೊರಗೆ ಹೇಳೋ ಹಾಗಿಲ್ಲ, ಅಲ್ವಾ?"

"ಇಲ್ಲ."

"ಅಂದಮೇಲೆ ಇವರೇ ಆಗಿದ್ದರೂ ನೀವು ಅಲ್ಲ ಅಂತಲೇ ಹೇಳಬೇಕು, ಅಲ್ವಾ?"

"ಹೌದು," ಎಂದರು ದೊಡ್ಡ ಟೀಚರು. ಅವರೂ ಸುಳ್ಳು ಹೇಳದವರು.

"ಹಾಗಾದರೆ ನಿಜವಾದ ಪರೀಕ್ಷಕರ ಹೆಸರು ಹೇಳಿಬಿಡಿ, ನಾನು ಎದ್ದು ಹೋಗ್ತೀನಿ."

ದೊಡ್ಡ ಟೀಚರು ಗಡಿಯಾರ ನೋಡಿದರು. ನಾನು ನನ್ನ ಕೈಚೀಲದ ಹಿಡಿಯಲ್ಲಿ ಬಿಟ್ಟುಕೊಂಡಿದ್ದ ಹೊಲಿಗೆಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸಿದೆ. ಬೈಂಡರ್, ಏಕೋ, ಚಾವಣಿ ನೋಡುತ್ತಾ ನಿಂತ. ನಾನು ಬಾಯಿ ಬಿಟ್ಟಿದ್ದರೂ ಪ್ರಯೋಜನವಿರಲಿಲ್ಲ. ಮೂರನೆಯವಳು ನಾನೆಂದರೆ, ಮೊದಲಿಬ್ಬರಲ್ಲಿ ಒಬ್ಬ ಇವನಲ್ಲ ಎಂಬುದಕ್ಕೆ ಏನು ಆಧಾರ ಎಂದು ಔಷಧಿ ಅಂಗಡಿಯವರು ಕೇಳುತ್ತಿದ್ದರು. ಆ ಮನುಷ್ಯನ ತಲೆ ಅಷ್ಟು ಚುರುಕು. ಪಾಪ, ಮಗನಿಗೆ ಮಾತ್ರ ಅದರಲ್ಲಿ ಪಾಲು ಕೊಟ್ಟಿರಲಿಲ್ಲ.

"ಒಂದು ದಾರಿ ಇದೆ," ಎಂದರು ದೊಡ್ಡ ಟೀಚರು ಕೊನೆಗೆ. "ಹನ್ನೆರಡು ಅಂಕದ ಪ್ರಬಂಧ ಬರೆಯಲು ಬಾರದವರು ಬೇರೆಯವರದನ್ನು ತಿದ್ದೋಕೆ ಆಗಲ್ಲ, ಒಪ್ತೀರಾ? ಬೈಂಡರು ಮಕ್ಕಳ ಜೊತೆ ಕೂತು ಬರೆಯಲಿ. ಕಿವಿ ಮಡಚಿ, ಹೊಲಿದು, ಎಲ್ಲರದರ ಜೊತೆ ಹೋಗಲಿ. ಹನ್ನೆರಡು ಬಂದರೆ ನಿಮ್ಮ ಮಾತು ನಿಜ, ಇವರ ಮಗಳಿಗೆ ಈ ವರ್ಷ ಸೀಟಿಲ್ಲ. ಬರದಿದ್ದರೆ ಮಗಳ ಅಂಕ ಮಗಳಿಗೆ."

"ಬೇಕಂತಲೇ ಕೆಟ್ಟದಾಗಿ ಬರೆದರೆ?"

"ಬೇಕಂತ ಕೆಟ್ಟದಾಗಿ ಬರೆಯೋಕೆ ಬಹಳ ಚೆನ್ನಾಗಿ ಇಂಗ್ಲಿಷ್ ಬರಬೇಕು. ನಮ್ಮವರು ಕಂಡುಹಿಡೀತಾರೆ."

ಔಷಧಿ ಅಂಗಡಿಯವರು ಎದ್ದರು. "ಬರೀಲಿ. ಹನ್ನೆರಡು ಬರಲಿಲ್ಲ ಅಂದ್ರೆ ನನ್ನ ಮಗನಿಗೆ ಕೊಟ್ಟ ಒಂಬತ್ತನ್ನ ವಾಪಸ್ ತಗೋಬೇಕು, ಅಷ್ಟೇ!"

ಬೈಂಡರ್ ಜೇಬಿನಿಂದ ತನ್ನ ದಪ್ಪ ಸೂಜಿ ತೆಗೆದು, ಅದನ್ನು ಮುಟ್ಟಿಕೊಂಡು ಹೇಳಿದ: "ನನ್ನ ಕೈಲಾದಷ್ಟು ಚೆನ್ನಾಗೇ ಬರೀತೀನಿ."

ದಾರಿಯುದ್ದಕ್ಕೂ ಹೆಂಡತಿ ತಲೆ ಚಚ್ಚಿಕೊಂಡಳು. "ಯಾರಾದರೂ ಚೆನ್ನಾಗಿ ಬರೀತೀನಿ ಅಂತ ಮಾತು ಕೊಡ್ತಾರೇನ್ರೀ? ಮಗಳ ಸೀಟಿನ ಗತಿ?"

"ಸೂಜಿ ಮುಟ್ಟಿದೀನಿ ಕಣೇ."

"ಹೋಗ್ಲಿ ಬಿಡಿ. ನೀವು ಚೆನ್ನಾಗಿ ಬರೆದ್ರೂ ಕೆಟ್ಟದಾಗೇ ಇರುತ್ತೆ."

ಸಮಾಧಾನಕ್ಕೆಂದು ಹೇಳಿದ ಮಾತು ಅದು. ಬೈಂಡರ್‌ಗೆ ತಾಕಿತು. ಅಂದೇ ಸಂಜೆ ರಿಪೇರಿಗೆ ಬಂದ ಒಂದು ನಿಘಂಟನ್ನು ತೆರೆದು ಕೂತ. ಅದರಲ್ಲಿ ಕೊನೆಯ ನೂರು ಪುಟ ಇರಲಿಲ್ಲ. ಒತ್ತುಯಂತ್ರದ ಪಕ್ಕ ಕೂತು ಪದಗಳನ್ನು ಗಟ್ಟಿಮಾಡುವುದನ್ನು ಕೇಳಿ ಇಲಿಮರಿಗೆ ಗಾಬರಿ.

"ಅಪ್ಪಾ, ಜಾಸ್ತಿ ಕಲೀಬೇಡಪ್ಪ!"

"ಸ್ವಲ್ಪವೇ ಕಲೀತೀನಿ ಮರೀ. ಹತ್ತು ಅಂಕದಷ್ಟು."

ಪರೀಕ್ಷೆಯ ದಿನ ಬೈಂಡರ್ ಮದುವೆಗೆ ಹೊಲಿಸಿದ್ದ ಅಂಗಿ ಹಾಕಿಕೊಂಡು ಹೋದ. ಹತ್ತು ವರ್ಷದ ಮಕ್ಕಳ ಬೆಂಚಿನಲ್ಲಿ ಅವನ ಮಂಡಿಗಳು ಮೇಜಿಗಿಂತ ಎತ್ತರ ನಿಂತವಂತೆ. ಎರಡು ಸಾಲು ಮುಂದೆ ಮಗಳು, ಪಕ್ಕದಲ್ಲಿ ಟೈಲರಮ್ಮನ ಮಗಳು. ವಿಷಯವನ್ನು ಹಲಗೆಯ ಮೇಲೆ ಬರೆದರು: ನಾನು ಚೆನ್ನಾಗಿ ಬಲ್ಲ ಒಂದು ಕೆಲಸ. ಹಸು, ರೈಲು ಪ್ರಯಾಣ, ನನ್ನ ಶಾಲೆ ಎಂದು ಬಾಯಿಪಾಠ ಮಾಡಿಕೊಂಡು ಬಂದವರೆಲ್ಲ ನಿಟ್ಟುಸಿರು ಬಿಟ್ಟರು. ಟೈಲರಮ್ಮನ ಮಗಳಿಗೆ ಅಳು ಬಂತು. ಬೈಂಡರ್ ಪಿಸುಗುಟ್ಟಿದ, "ಅಮ್ಮ ಗುಂಡಿ ಹಾಕೋದು ನೋಡಿದೀಯಲ್ಲ ಕಂದಾ, ಅದನ್ನೇ ಬರಿ." ಮಾತಾಡಿದ್ದಕ್ಕೆ ಮೇಲ್ವಿಚಾರಕರು ಅವನನ್ನು ಐದು ನಿಮಿಷ ನಿಲ್ಲಿಸಿದರು. ಆಮೇಲೆ ಮಕ್ಕಳೆಲ್ಲ ಹಾಳೆ ಕೊಟ್ಟು ಮನೆಗೆ ಓಡಿದರು. ಬೈಂಡರ್ ಮಾತ್ರ ಮೊಗಸಾಲೆಗೆ ಹೋಗಿ, ಚಾಪೆ ಹಾಸಿ, ಎಲ್ಲರ ಕಿವಿ ಹೊಲಿದ. ತನ್ನದನ್ನೂ.

ನಾಲ್ಕನೆಯ ದಿನ ಮಧ್ಯಾಹ್ನ ಮ್ಯಾಗಜಿನ್ ಬಂತು.

ಗಂಟು ಬಿಚ್ಚಲು ಕಾಲು ಗಂಟೆ ಹಿಡಿಯಿತು. ಒಳಗೆ ಆ ವರ್ಷ ಮೂರೇ ಪ್ರಬಂಧ. ಎರಡನ್ನು ಬೇಗ ಮುಗಿಸಿದೆ. ಮೂರನೆಯದರ ಚೀಟಿಗಳನ್ನು ನೋಡಿ ಕನ್ನಡಕ ಒರೆಸಿಕೊಂಡೆ. ಕೆಂಪು: ಐದು. ಹಸಿರು: ಹದಿನೈದು. ಇಷ್ಟು ದೊಡ್ಡ ಜಗಳ ನನ್ನ ಅನುಭವದಲ್ಲಿ ಇರಲಿಲ್ಲ. ಹಸಿರಿನವರು ಟೀ ಆದ ಮೇಲೆ ಓದಿರಬೇಕು.

ಪುಸ್ತಕದ ಬೆನ್ನು ಹೊಲಿಯುವುದರ ಬಗ್ಗೆ ಬರೆದ ಪ್ರಬಂಧ. ಕಿವಿ ಭದ್ರವಾಗಿ ಹೊಲಿದಿತ್ತು. ಹೆಸರು ಕಾಣಬಾರದು ಎಂಬುದು ನಿಯಮ. ಹಾಳೆಗೆ ಅಂಟಿನ ವಾಸನೆ ಬರಬಾರದು ಎಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ.

ಇಂಗ್ಲಿಷ್ ವಾಕ್ಯಗಳು ಜಾತ್ರೆಯಲ್ಲಿ ಕೈತಪ್ಪಿದ ಮಕ್ಕಳ ಹಾಗೆ ಅಲೆಯುತ್ತಿದ್ದವು. ಆದರೆ ಒಂದೊಂದನ್ನೂ ಹಿಡಿದು ವಿಚಾರಿಸಿದರೆ ಮನೆಯ ವಿಳಾಸ ಸರಿಯಾಗಿ ಹೇಳುತ್ತಿದ್ದವು. ಅವನು ಬರೆದದ್ದರ ಸಾರ ಇಷ್ಟು: ಹರಿದ ಪುಸ್ತಕ ಬಂದರೆ ಮೊದಲು ಯಾರು ಹರಿದರು ಎಂದು ಕೇಳಬಾರದು. ಹಳೆಯ ದಾರವನ್ನು ಎಳೆಯಬಾರದು, ಕತ್ತರಿಸಬೇಕು. ಅಂಟು ಹಾಕಿದ ಮೇಲೆ ಅವಸರ ಮಾಡಬಾರದು. ಪುಸ್ತಕದ ಒಳಗೆ ಜನ ಪತ್ರ, ಫೋಟೋ ಮರೆತಿರುತ್ತಾರೆ. ಅದನ್ನು ಓದದೆ ಇದ್ದ ಪುಟದಲ್ಲೇ ಇಡಬೇಕು. ಈ ಕೆಲಸದಲ್ಲಿ ಕಂಡದ್ದನ್ನು ಕಾಣದ ಹಾಗೆ ಇರುವುದೇ ಅರ್ಧ ವಿದ್ಯೆ. ಕೊನೆಯಲ್ಲಿ: ಪ್ರಬಂಧಕ್ಕೆ ಅಂಕ ಹೇಗೆ ಹಾಕುತ್ತಾರೋ ನನಗೆ ಗೊತ್ತಿಲ್ಲ, ಗೊತ್ತಿದೆ ಎಂಬಂತೆ ಒಂದು ಸಲ ನಿಂತುಬಿಟ್ಟೆ, ಅದರ ಶಿಕ್ಷೆ ನನ್ನ ಮಗಳಿಗೆ ಬೇಡ.

ನಾನು ನೀರು ಕುಡಿದು ಬಂದು ಅಂಕದ ಪಟ್ಟಿ ತೆಗೆದೆ. ವಿಷಯಕ್ಕೆ ಎಂಟರಲ್ಲಿ ಏಳು. ಅದಕ್ಕಿಂತ ಕಡಿಮೆ ಹಾಕಲು ಕೈ ಬರುವುದಿಲ್ಲ. ಜೋಡಣೆಗೆ ನಾಲ್ಕರಲ್ಲಿ ಮೂರು. ಬೈಂಡರನಲ್ಲವೇ, ಮೊದಲು, ನಡು, ಕೊನೆ ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಭಾಷೆಗೆ ಆರರಲ್ಲಿ ಒಂದು. ಆ ಒಂದೂ ಧಾರಾಳವೇ. ಹನ್ನೊಂದಾಯಿತು. ಉಳಿದದ್ದು ಅಕ್ಷರಕ್ಕಿದ್ದ ಎರಡು ಅಂಕ. ಅದರಲ್ಲಿ ಒಂದು ಬಿದ್ದರೂ ಹನ್ನೆರಡು, ಇಲಿಮರಿ ಒಂದು ವರ್ಷ ಹೊರಗೆ.

ಮಗುವಿನ ಮುಖ ನೆನೆದು ಅಂಕ ಕಡಿಮೆ ಮಾಡುವುದೂ ಮೋಸ, ಹೆಚ್ಚು ಮಾಡುವುದೂ ಮೋಸ. ಮೂವತ್ತು ವರ್ಷದಲ್ಲಿ ಎರಡನ್ನೂ ಮಾಡಿದವಳಲ್ಲ. ಹಾಗಾಗಿ ಹಾಳೆಯನ್ನು ಬೆಳಕಿಗೆ ಹಿಡಿದೆ. ಆಮೇಲೆ ತಿರುಗಿಸಿ, ಕಣ್ಣು ಮುಚ್ಚಿ, ಹಿಂಬದಿಯ ಮೇಲೆ ಬೆರಳಾಡಿಸಿದೆ.

ಹೆದರಿಕೆ ಅಂದರೆ ಎಂಥ ಹೆದರಿಕೆ! ಅಕ್ಷರಗಳು ಹಿಂಬದಿಯಲ್ಲಿ ಬೆಟ್ಟದ ಸಾಲಿನ ಹಾಗೆ ಎದ್ದಿದ್ದವು. ಮೂರು ಕಡೆ ಹಾಳೆ ತೂತಾಗಿತ್ತು. ಇಂಗ್ಲಿಷಿನ ಒಂದು 'ಓ' ಅಕ್ಷರವಂತೂ ಪೂರ್ತಿ ಕಿತ್ತುಬಂದು ಇರಬೇಕಾದ ಜಾಗದಲ್ಲಿ ಕಿಟಕಿ ಮಾತ್ರ ಉಳಿದಿತ್ತು. ಬೀದಿಯ ಮಕ್ಕಳೆಲ್ಲ ಒತ್ತದೆ ಬರೆಯುವಂತೆ ಮಾಡಿದವನು! ಹಾಳೆ ತೂತಾದರೆ ಅಕ್ಷರಕ್ಕೆ ಸೊನ್ನೆ ಎಂದು ಪಟ್ಟಿಯಲ್ಲಿ ಅಚ್ಚಾಗಿತ್ತು. ಸೊನ್ನೆ ಬರೆದೆ. ಮೂರು ಸಲ ಕೂಡಿದೆ. ಮೂರು ಸಲವೂ ಹನ್ನೊಂದೇ ಬಂತು.

ಫಲಿತಾಂಶದ ದಿನ ಬೀದಿಗೆ ಬೀದಿಯೇ ಶಾಲೆಯ ಗೇಟಿನಲ್ಲಿತ್ತು. ಇಲಿಮರಿಗೆ ಕೆಂಪಿನವರೂ ಹದಿನಾರು, ಹಸಿರಿನವರೂ ಹದಿನಾರು. ಹರಿದ ಕಥೆಗಳಿಗೆ ಕೊನೆ ಕಟ್ಟುವುದು ಹೇಗೆ ಎಂದು ಬರೆದಿದ್ದಳಂತೆ. ಟೈಲರಮ್ಮನ ಮಗಳು ಗುಂಡಿ ಹಾಕುವುದನ್ನು ಬರೆದು ಹದಿಮೂರಕ್ಕೆ ಪಾಸಾದಳು. ಔಷಧಿ ಅಂಗಡಿಯವರ ಮಗ ಬಾಯಿಪಾಠದ ಎಂಟು ಪುಟ ಮರೆತು, ಅಪ್ಪನ ಅಂಗಡಿಯಲ್ಲಿ ಮಾತ್ರೆ ಎಣಿಸುವುದನ್ನು ಒಂದೂವರೆ ಪುಟ ಬರೆದಿದ್ದ. ಹದಿನಾಲ್ಕು. ನಗಬೇಕೋ ಬೈಯಬೇಕೋ ತಿಳಿಯದೆ ಔಷಧಿ ಅಂಗಡಿಯವರು ಬೈಂಡರನ್ನು ಅಪ್ಪಿಕೊಂಡರು.

"ನಿಮಗೆ ಹನ್ನೊಂದು! ನೀವು ಪರೀಕ್ಷಕರೂ ಅಲ್ಲ, ಏನೂ ಅಲ್ಲ. ಕ್ಷಮಿಸಿ!"

"ಅದನ್ನೇ ಅಲ್ವಾ ಸಾರ್ ನಾನು ಒಂದು ತಿಂಗಳಿಂದ ಹೇಳ್ತಾ ಇದ್ದದ್ದು!"

ಎಲ್ಲರೂ ನಕ್ಕರು. ಬೈಂಡರ್ ಮಾತ್ರ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಫಲಕದ ಕೊನೆಯ ಸಾಲನ್ನು ಹಿಂತಿರುಗಿ ಹಿಂತಿರುಗಿ ನೋಡುತ್ತಾ ಬಂದ. ಮಾರನೆಯ ದಿನ ಶಾಲೆಯ ಗುಮಾಸ್ತೆಯ ಅಚ್ಚುಕಟ್ಟಿನಿಂದಾಗಿ ಅವನ ಹೆಸರಿಗೂ ಒಂದು ಕಾಗದ ಬಂತು. 'ನಿಮ್ಮ ಮಗು ಒಂದು ಅಂಕದಿಂದ ಹಿಂದೆ ಉಳಿದಿದೆ. ಬಯ್ಯಬೇಡಿ. ಮುಂದಿನ ವರ್ಷ ಮತ್ತೆ ಕಳುಹಿಸಿ.' ಅವನು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ಮರುಮೌಲ್ಯಮಾಪನಕ್ಕೆ ಅರ್ಜಿ ಬರೆಯಲು ಕೂತ. ಹೆಂಡತಿ ಪೆನ್ನು ಕಿತ್ತುಕೊಂಡು ಅಂಟಿನ ಡಬ್ಬಿಯೊಳಗೆ ಹಾಕಿದಳು.

ಮುಂದಿನ ವರ್ಷ ಪರೀಕ್ಷೆ ಮುಗಿದ ನಾಲ್ಕನೆಯ ದಿನ, ಎಂದಿನಂತೆ ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿತು.

"ಟೀಚರಮ್ಮಾ, ನಿಮ್ಮ ಮ್ಯಾಗಜಿನ್."

ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಹೋಗದೆ ನಿಂತ. ದಾರದ ಒಂದು ತುದಿಯನ್ನು ನನ್ನ ಕಡೆಗೆ ತಿರುಗಿಸಿದ.

"ಈ ಸಲ ಬೇರೆ ಗಂಟು ಹಾಕಿದೀನಿ. ಈ ತುದಿ ಎಳೆದ್ರೆ ಸಾಕು, ಬಿಚ್ಚಿಕೊಳ್ಳುತ್ತೆ. ನಿಮ್ಮ ಬೆರಳು ನೋಯುತ್ತೆ ಅಂತ ಮಗಳು ಹೇಳಿದ್ಲು."

"ಒಳ್ಳೇದಪ್ಪ."

ಬಾಗಿಲವರೆಗೆ ಹೋಗಿ, ತಿರುಗದೆಯೇ ಕೇಳಿದ. "ಹೋದ ವರ್ಷದ್ದು... ಹನ್ನೊಂದು ಅಂದ್ರೆ ಹನ್ನೊಂದೇ, ಅಲ್ವಾ ಟೀಚರಮ್ಮಾ? ಕೂಡೋದರಲ್ಲಿ ಏನಾದರೂ..."

"ಇಲ್ಲಪ್ಪ, ಮೂರು ಸಲ ಕೂಡಿದೀನಿ," ಎಂದುಬಿಟ್ಟೆ.

ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡೆ. ಅವನು ತಿರುಗಲಿಲ್ಲ. ಹಿಂದಿನ ವರ್ಷ ದೊಡ್ಡ ಟೀಚರ ಕೋಣೆಯಲ್ಲಿ ನೋಡಿದ ಹಾಗೆಯೇ ಚಾವಣಿಯನ್ನು ಒಂದು ಸಲ ನೋಡಿದ. "ಹಾಗಾದ್ರೆ ಸರಿ," ಎಂದು ಮೆಟ್ಟಿಲಿಳಿದ.

ಕೆಳಗೆ ಔಷಧಿ ಅಂಗಡಿಯವರು, ಮುಂದಿನ ಸಲ ಪರೀಕ್ಷೆಗೆ ಕೂರಬೇಕಾದ ತಮ್ಮ ಎರಡನೇ ಮಗನ ಪ್ರಬಂಧ ಹಿಡಿದು ಕಾಯುತ್ತಿದ್ದರು. ಅವರ ದನಿ ಮಹಡಿಗೆ ಕೇಳಿಸಿತು.

"ಬೈಂಡರೇ, ನೀವಂತೂ ಅಲ್ಲ, ಒಪ್ಪಿದೆ. ಆ ಮೂರನೇ ಪರೀಕ್ಷಕರು ಯಾರು ಅಂತಲಾದ್ರೂ ಗೊತ್ತಾ?"

"ಗೊತ್ತಿಲ್ದೇ ಏನು ಸಾರ್," ಎಂದ ನಮ್ಮ ಬೈಂಡರ್, ಬೀದಿಗೆಲ್ಲ ಕೇಳುವ ಹಾಗೆ. "ಬಹಳ ದೂರದವರು. ಗಂಡಸರು. ಇಷ್ಟುದ್ದ ಗಡ್ಡ!"